ನಿನ್ನ ಉದಾಹರಣೆಯ ಹೆಂಗಸು

ಶಿರಾ
ಫೆಬ್ರವರಿ ೫, ಬುಧವಾರ

ನನ್ನ ಮುದ್ದು ನೂರೀನ್‌ಗೆ,

ನಿನ್ನ ಅಮ್ಮಿಯ ಸಲಾಮು, ದುವಾ. ಮಧುಗಿರಿಯ ರೂಮಿನಲ್ಲಿ ನೀರು ಸರಿಯಾಗಿ ಬರುತ್ತಿದೆಯೇ? ರಾತ್ರಿ ಊಟ ಬಿಟ್ಟು ಬಿಸ್ಕತ್ತು ತಿಂದು ಮಲಗುತ್ತಿಲ್ಲ ತಾನೆ? ನಾನು ಚೆನ್ನಾಗಿದ್ದೇನೆ ಎಂದು ಬರೆಯುವುದು ವಾಡಿಕೆ. ಇವತ್ತು ಅದನ್ನು ಬರೆಯುವುದಿಲ್ಲ. ನಿನ್ನ ಮೇಲೆ ನನಗೆ ಸಿಟ್ಟು ಬಂದಿದೆ.

ಫೋನಿನಲ್ಲೇ ಬೈಯಬಹುದಿತ್ತು. ಆದರೆ ಫೋನಿನಲ್ಲಿ ನೀನು ಟೀಚರ್ ಆಗಿಬಿಡುತ್ತೀಯ. ನಾನು ಮಾತು ಮುಗಿಸುವ ಮುಂಚೆಯೇ ಅದನ್ನು ತಿದ್ದಿ ನನ್ನ ಕೈಗೆ ವಾಪಸು ಕೊಡುತ್ತೀಯ. ಕಾಗದದಲ್ಲಿ ಆ ಆಟ ನಡೆಯುವುದಿಲ್ಲ. ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿದವಳು ನಾನು, ಬರೆಯಲು ಬರುತ್ತದೆ. ಇವತ್ತು ಕೈಗೆ ಕೆಲಸವೂ ಇಲ್ಲ. ನೀನು ಕೂತು ಪೂರ್ತಿ ಓದು.

ಶಾಲೆಯ ಮಕ್ಕಳಿಗೆಂದು ದಿನಕ್ಕೊಂದು ಇಂಗ್ಲಿಷ್ ಪದದ ವಿಡಿಯೊ ಹಾಕುತ್ತೀಯಲ್ಲ, ಅದನ್ನು ನಾನು ಸಾಮಾನ್ಯವಾಗಿ ತಪ್ಪಿಸುವುದಿಲ್ಲ. ಪದ ತಲೆಗೆ ಹೋಗದಿದ್ದರೂ ನೀನು ಉಂಡಿದ್ದೀಯೋ ಇಲ್ಲವೋ ಎಂಬುದು ಮುಖ ನೋಡಿದರೆ ಗೊತ್ತಾಗುತ್ತದೆ. ಆದರೆ ಹೋದ ವಾರದ ಆ ಒಂದನ್ನು ನನಗೆ ತೋರಿಸಿದವರು ನಿನ್ನ ದೊಡ್ಡಪ್ಪ ಕಲೀಮುಲ್ಲಾ. ಅವರು ಕರೆಯದೆ ನಮ್ಮ ಮನೆಗೆ ಬಂದರು ಎಂದರೇ ನನಗೆ ಅನುಮಾನ. ಚಹಾ ಕೂಡ ಬೇಡವೆಂದು ಫೋನನ್ನು ನನ್ನ ಮೂಗಿನ ಹತ್ತಿರ ಹಿಡಿದು, ‘ನೋಡು ಶಾಹಜಾದಿ, ನಿನ್ ಬೇಟಿ ನಿಂಗೇ ಸರ್ಟಿಫಿಕೇಟ್ ಕೊಟ್ಟವ್ಳೆ’ ಅಂದರು. ಅವರ ಮುಖದಲ್ಲಿ ಹಬ್ಬದ ಕಳೆ ಇತ್ತು.

ನೋಡಿದೆ. ಪದ ಅನ್‌ಅಬ್ಯಾಶ್ಡ್. ನೀನು ಹೇಳಿದ್ದೆಲ್ಲ ನನಗೆ ಈಗ ಬಾಯಿಪಾಠವಾಗಿದೆ. ಅದರ ಬೇರು ಹಳೆಯ ಫ್ರೆಂಚಿನಲ್ಲಿದೆಯಂತೆ, ಬೆರಗಾಗಿ ಬಾಯಿ ತೆರೆದುಕೊಂಡು ನಿಂತುಬಿಡುವುದು ಅಂತ ಅಲ್ಲಿ ಅರ್ಥವಂತೆ. ಇಂಗ್ಲಿಷಿನವರು ಅದನ್ನು ತಂದು, ನಾಲ್ಕು ಜನರ ಮುಂದೆ ತಬ್ಬಿಬ್ಬಾಗಿ ನಾಚಿ ಕುಗ್ಗುವುದಕ್ಕೆ ಇಟ್ಟುಕೊಂಡರಂತೆ. ಮುಂದೆ ಒಂದು ‘ಅನ್’ ಅಂಟಿಸಿದರೆ ಹಾಗೆ ಕುಗ್ಗದವರು. ಬಳಸುವಾಗ ಹುಷಾರು ಮಕ್ಕಳೇ ಅಂದೆ. ಕಣ್ಣು ಮಿಟುಕಿಸದೆ ಸುಳ್ಳು ಹೇಳುವವನಿಗೂ ಇದೇ ಪದ, ಯಾರಿಗೂ ಮುಚ್ಚಿಡದೆ ಪ್ರೀತಿಸುವವನಿಗೂ ಇದೇ ಪದ, ಹೇಳುವವರ ಮುಖ ನೋಡಿ ತಿಳಿದುಕೊಳ್ಳಬೇಕು ಅಂದೆ. ಇಷ್ಟರವರೆಗೆ ನನ್ನ ಮಗಳು ಎಷ್ಟು ಚೆನ್ನಾಗಿ ಹೇಳುತ್ತಾಳೆ ಅಂತಲೇ ಕೂತಿದ್ದೆ. ಆಮೇಲೆ ಉದಾಹರಣೆ ಬಂತು. ನಮ್ಮ ಕಡೆಯ ಒಂದು ಕುರಿಸಂತೆಯಲ್ಲಿ ಒಬ್ಬ ಹೆಂಗಸು ಇದ್ದಾಳೆ, ಗಂಡಸರ ಮಧ್ಯೆ ನಿಂತು ಟವೆಲ್ಲಿನ ಕೆಳಗೆ ಕೈ ಹಾಕಿ ವ್ಯಾಪಾರ ಮಾಡುತ್ತಾಳೆ, ಶೀ ಈಸ್ ಅನ್‌ಅಬ್ಯಾಶ್ಡ್.

ಒಬ್ಬ ಹೆಂಗಸು! ಯಾರಮ್ಮ ಆ ಹೆಂಗಸು? ಅವಳಿಗೆ ಹೆಸರಿಲ್ಲವೇ? ಅವಳು ನಿನಗೆ ಹಾಲು ಕುಡಿಸಲಿಲ್ಲವೇ, ಜಡೆ ಹಾಕಲಿಲ್ಲವೇ? ಹೇಳುವವರ ಮುಖ ನೋಡಬೇಕು ಎಂದು ನೀನೇ ಅಂದಿದ್ದೆಯಲ್ಲ, ಮತ್ತೆ ಮತ್ತೆ ನಿಲ್ಲಿಸಿ ನೋಡಿದೆ. ಆ ಒಂದು ವಾಕ್ಯ ಹೇಳುವಾಗ ನೀನು ಕ್ಯಾಮೆರಾ ನೋಡಲಿಲ್ಲ, ತಲೆ ತಗ್ಗಿಸಿದೆ. 

ಅರ್ಥ ಕೇಳಿಕೊಂಡು ತಿರುಗಿದೆ. ನಿವೃತ್ತರಾಗಿರುವ ನರಸಿಂಹರಾಜು ಮೇಷ್ಟ್ರು ಮೊದಲು ಗಂಟಲು ಸರಿಮಾಡಿಕೊಂಡು, ಆಮೇಲೆ ಕನ್ನಡಕ ಒರೆಸಿಕೊಂಡು, ಹಿಂಜರಿಕೆ ಇಲ್ಲದವರು ಅಂತ ಅಂದುಕೊಳ್ಳಮ್ಮ ಅಂದರು. ಅಂದುಕೊಳ್ಳಮ್ಮ ಅಂದರೇನು? ಅರ್ಥ ಅದೇ ಆಗಿದ್ದರೆ ನಾನು ಯಾಕೆ ಅಂದುಕೊಳ್ಳಬೇಕು? ನನ್ನ ಜೊತೆ ಸಂತೆಗೆ ಬರುವ ಕಳ್ಳಂಬೆಳ್ಳದ ಬೈಲಪ್ಪ, ‘ಬುಡಕ್ಕ, ಇಂಗ್ಲೀಸ್ನೋರ್ಗೆ ಕುರಿ ಯಾಪಾರ ಏನ್ ಗೊತ್ತೈತೆ’ ಎಂದು ಬೀಡಿ ಹಚ್ಚಿದ. ನಿನ್ನ ದೊಡ್ಡಪ್ಪನನ್ನು ನಾನು ಕೇಳಲೇ ಇಲ್ಲ, ಅವರಾಗಿಯೇ ಹೇಳಿದರು: ಬೇಶರಮ್, ನಾಚಿಕೆಗೆಟ್ಟವಳು. ನಾನು ನಂಬಿದ್ದು ಅವರನ್ನೇ. ಹೊಗಳಿಕೆ ಕೇಳಿ ಕುರಿ ಕೊಂಡವಳಲ್ಲ ನಾನು. ಹಲ್ಲು ನೋಡಬೇಕು, ಬೆನ್ನು ಹಿಚುಕಬೇಕು, ತೂಕ ಬರಲೆಂದು ಉಪ್ಪು ನೆಕ್ಕಿಸಿ ನೀರು ಕುಡಿಸಿದ್ದಾರೋ ಎಂದು ಹೊಟ್ಟೆ ತಟ್ಟಬೇಕು. ಇಷ್ಟು ವರ್ಷ ಇದೇ ಕೆಲಸ ಮಾಡಿದವಳಿಗೆ ಹೆತ್ತ ಮಗಳ ಮಾತನ್ನೂ ತಟ್ಟಿ ನೋಡುವ ಚಾಳಿ ಹತ್ತಿಬಿಟ್ಟಿದೆ.

ನೀನು ಸಂತೆಯನ್ನು ನೋಡಿದ್ದು ದೂರದಿಂದ, ಶಾಲೆಯ ಚೀಲ ಹಿಡಿದುಕೊಂಡು, ಬೇಗ ಬಾ ಅಮ್ಮಿ ಎನ್ನುತ್ತಾ. ಅದಕ್ಕೇ ಇದನ್ನು ಬರೆಯುತ್ತೇನೆ. ನಿನ್ನ ಅಬ್ಬಾ ತೀರಿಕೊಂಡಾಗ ಮನೆಯಲ್ಲಿ ಉಳಿದದ್ದು ಅವರ ಕುರಿಗಳು, ನೀನು, ನಾನು. ಕುರಿ ಮಾರಿಕೊಡಲು ನಿನ್ನ ದೊಡ್ಡಪ್ಪ ಮುಂದೆ ಬಂದರು. ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ, ಸುತ್ತ ನಿಂತವರಿಗೆ ಗೊತ್ತಾಗಬಾರದೆಂದು ಟವೆಲ್ಲಿನ ಕೆಳಗೆ ಬೆರಳು ಹಿಡಿದು ಹೇಳುತ್ತಾರೆ. ಒಂದು ಬೆರಳು ಹಿಡಿದರೆ ಒಂದು ಸಾವಿರ, ಇಡೀ ಕೈ ಹಿಡಿದರೆ ಐದು, ಅದಕ್ಕೂ ಮೇಲೆ ಬೇಕಾದರೆ ಬಿಟ್ಟು ಮತ್ತೆ ಹಿಡಿಯಬೇಕು. ನಿನ್ನ ದೊಡ್ಡಪ್ಪ ಟವೆಲ್ಲಿನ ಕೆಳಗಿಂದ ಕೈ ತೆಗೆದು ನನ್ನ ಹತ್ತಿರ ಬಂದು ಒಂದು ಬೆಲೆ ಹೇಳುತ್ತಿದ್ದರು. ಕೆಳಗೆ ನಿಜವಾಗಿ ಎಷ್ಟಾಯಿತೆಂದು ಅವರಿಗೆ ಗೊತ್ತು, ಕೊಂಡವನಿಗೆ ಗೊತ್ತು, ಮೇಲಿರುವವನಿಗೆ ಗೊತ್ತು. ನನಗೆ ಮಾತ್ರ ಗೊತ್ತಿಲ್ಲ! ಕೆಲವು ಸಂತೆ ಸಹಿಸಿಕೊಂಡೆ. ಒಂದು ದಿನ ಅವರ ಕೈ ಸರಿಸಿ ನನ್ನ ಕೈ ಹಾಕಿದೆ.

ಆವತ್ತಿನಿಂದ ನಾನು ಬೇಶರಮ್. ಪರಗಂಡಸರ ಕೈ ಮುಟ್ಟುತ್ತಾಳೆಂದು ಮಾತು ಬಂದಾಗ ಬಲಗೈಗೆ ಕಪ್ಪು ಗ್ಲೌಸು ಹಾಕಿಕೊಂಡೆ. ಅದನ್ನು ಹಾಕಿದರೆ ಎದುರಿನವರ ಕೈ ಬಿಸಿಯೋ ತಣ್ಣಗೋ, ನಡುಗುತ್ತದೋ ಬೆವರುತ್ತದೋ ಒಂದೂ ತಿಳಿಯುವುದಿಲ್ಲ, ಬೆರಳ ಲೆಕ್ಕ ಮಾತ್ರ ತಿಳಿಯುತ್ತದೆ. ಸಾಕು, ನನಗೆ ಬೇಕಾದದ್ದು ಅಷ್ಟೇ. ಆದರೂ ಬಾಯಿಗಳು ಮುಚ್ಚಲಿಲ್ಲ. ನಾನು ಆ ಕಡೆ ಕಿವಿ ಕೊಡಲಿಲ್ಲ. ಊರು ಏನಂದರೂ ನನಗೆ ತಾಗುತ್ತಿರಲಿಲ್ಲ ನೂರೀನ್, ನೀನು ಅಂದದ್ದು ತಾಗಿತು.

ಇನ್ನು ಪಾವಗಡದ ಸಂಬಂಧದ ವಿಷಯ. ಮತೀನ್ ಒಳ್ಳೆಯ ಹುಡುಗ, ಅದರಲ್ಲಿ ಅನುಮಾನವಿಲ್ಲ. (ಒಂದು ವಿಷಯದಲ್ಲಾದರೂ ಇಲ್ಲವಲ್ಲ ಎಂದು ನಗಬೇಡ.) ಅವನೂ ಅವನ ತಂದೆ ಅಹಮದ್ ಷರೀಫ್ ಸಾಹೇಬರೂ ಮನೆ ನೋಡಲು ಬಂದ ದಿನ ನಾನು ಕುರಿಗಳನ್ನೆಲ್ಲ ಬೈಲಪ್ಪನ ಊರಿಗೆ ಹೊಡೆಸಿ, ಅಂಗಳ ತೊಳೆಸಿ, ಮನೆ ತುಂಬ ಊದುಬತ್ತಿ ಹಚ್ಚಿದ್ದೆ. ಮಾತೆಲ್ಲ ನಿನ್ನ ದೊಡ್ಡಪ್ಪನೇ ಆಡಿದರು. ನಾನು ಏನು ಕೆಲಸ ಮಾಡುತ್ತೇನೆಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹುಡುಗನ ತಾಯಿ ಅತಿಯಾ ಅವರು ಕಾಲು ಉಳುಕಿತ್ತೆಂದು ಬರಲಿಲ್ಲ. ಅವರು ಹೋದಮೇಲೆ, ಅಮ್ಮಿ ಏನು ಮಾಡುತ್ತಾಳೆಂದು ಅವರಿಗೆ ಹೇಳಿದ್ದೀಯಾ ಎಂದು ನಿನ್ನನ್ನು ಕೇಳಿದೆ. ಎಲ್ಲಾ ಹೇಳಿದ್ದೀನಮ್ಮಿ ಎಂದು ನೀನು ಲೋಟ ತೊಳೆಯಲು ಎದ್ದುಹೋದೆ. ಎಲ್ಲಾ ಅಂದರೆ ಏನೆಲ್ಲಾ? ಆವತ್ತಿನಿಂದಲೇ ನನ್ನ ತಲೆಗೆ ಹುಳ ಬಿತ್ತು.

ಹೀಗಿರುವಾಗ ಭಾನುವಾರ ನಿನ್ನ ಫೋನು. ಈ ಮಂಗಳವಾರ ಸಂತೆಗೆ ಹೋಗಬೇಡ, ಮನೆಯಲ್ಲೇ ಇರು ಅಂದೆ. ಯಾಕೆ ಎಂದರೆ ಸುಮ್ಮನೆ ಅಂದೆ. ಸುಮ್ಮನೆ ಎಂಬ ಪದಕ್ಕೂ ಒಂದು ವಿಡಿಯೊ ಮಾಡು ಮಗಳೇ, ಅದರ ಬೇರು ಎಲ್ಲಿದೆಯೋ ನಾನೂ ತಿಳಿದುಕೊಳ್ಳುತ್ತೇನೆ. ವಿಡಿಯೊದಲ್ಲಿ ಹೆಸರಿಲ್ಲ, ತಗ್ಗಿಸಿದ ತಲೆ, ಈಗ ಸಂತೆಗೆ ಹೋಗಬೇಡವೆಂಬ ಮಾತು. ಮೂರನ್ನೂ ಸೇರಿಸಿದರೆ ಯಾವ ತಾಯಿಗೆ ತಿಳಿಯುವುದಿಲ್ಲ? ಬೀಗರಾಗುವವರ ಕಣ್ಣಿಗೆ ನಾನು ಬೀಳಬಾರದು, ಅಷ್ಟೇ ತಾನೆ. ಹಟಕ್ಕೆ ಹೋದೆ. ಮನೆಗೆ ಬೀಗ ಹಾಕಿ, ಕರಿಕಿವಿಯ ಟಗರು ಹಿಡಿದುಕೊಂಡು ನಿನ್ನೆ ಸಂತೆಗೆ ಹೋಗೇ ಹೋದೆ.

ಇನ್ನು ಮುಂದಿನದನ್ನು ಬರೆಯುವ ಮುಂಚೆ ಎದ್ದು ನೀರು ಕುಡಿದು ಬಂದೆ.

ಬಿಸಿಲು ಏರಿತ್ತು. ಕಂದು ಬುರ್ಖಾ ಹಾಕಿದ ಒಬ್ಬಾಕೆ, ಸ್ವಲ್ಪ ಕುಂಟುತ್ತಾ, ಕುರಿಗಳ ಮಧ್ಯೆ ದಾರಿ ಮಾಡಿಕೊಂಡು ನೇರ ನನ್ನ ಮುಂದೆ ಬಂದು ನಿಂತಳು. ಜೊತೆಗೆ ಗಂಡಸರಿಲ್ಲ. ಟಗರನ್ನು ನೋಡಲಿಲ್ಲ, ನನ್ನನ್ನೇ ನೋಡಿದಳು. ಮಾಲು ನೋಡದೆ ಮಾರುವವರನ್ನು ನೋಡುವ ಗಿರಾಕಿ ಎಲ್ಲಾದರೂ ಉಂಟೇ? ಅನುಮಾನ ಬಂತು. ಆದರೂ ಅಭ್ಯಾಸಬಲ, ಟವೆಲ್ ಹೊದಿಸಿದ ಕೈ ಮುಂದೆ ಚಾಚಿದೆ. ಆಕೆ ಕೈ ಒಳಗೆ ತಂದು ನನ್ನ ಇಡೀ ಕೈಯನ್ನು ಹಿಡಿದುಕೊಂಡಳು. ಐದು ಸಾವಿರ! ಮುಂದೆ ಏನಾದರೂ ಸೇರಿಸುತ್ತಾಳೇನೋ ಎಂದು ಕಾದೆ. ಸೇರಿಸಲಿಲ್ಲ, ಬಿಡಲೂ ಇಲ್ಲ. ನನಗೆ ನೆತ್ತಿಗೇರಿತು. ಐದು ಸಾವಿರಕ್ಕೆ ಇದರ ಕೊಂಬೂ ಬರುವುದಿಲ್ಲ, ಅತ್ತ ಹೋಗಮ್ಮ ಎಂದು ಗದರಿದೆ. ಆಕೆ ಇನ್ನೂ ಗಟ್ಟಿಯಾಗಿ ಹಿಡಿದಳು. ಆಗ ಹೊಳೆಯಿತು. ಒಬ್ಬರು ಕೈ ಹಿಡಿದು ನಿಲ್ಲಿಸುವುದು, ಇನ್ನೊಬ್ಬರು ಹಿಂದಿನಿಂದ ಹಗ್ಗ ಬಿಚ್ಚಿಕೊಂಡು ಹೋಗುವುದು, ಇದು ಸಂತೆಯ ಹಳೆಯ ಕಳ್ಳತನ. ಕೈ ಕಿತ್ತುಕೊಂಡು, ‘ಬೈಲಪ್ಪಾ, ಹಗ್ಗ ನೋಡ್ಲಾ, ಕಳ್ಳಿ ಕಳ್ಳಿ’ ಎಂದು ಕೂಗಿಬಿಟ್ಟೆ.

ಸಂತೆಗೆ ಸಂತೆಯೇ ತಿರುಗಿತು. ಬೈಲಪ್ಪ ಹಗ್ಗಕ್ಕೆ ಹಾರಿದ. ಯಾರೋ ನಕ್ಕರು, ಯಾರೋ ಪೊಲೀಸರನ್ನು ಕರೆಯಿರಿ ಅಂದರು. ಆಕೆ ಬಾಯಿ ತೆರೆದುಕೊಂಡು ನಿಂತಿದ್ದಳು, ನಿನ್ನ ಹಳೆಯ ಫ್ರೆಂಚಿನವರು ಹೇಳಿದ ಹಾಗೆಯೇ. ಆಮೇಲೆ ತಲೆ ತಗ್ಗಿಸಿ, ಕುಂಟುತ್ತಾ ಹೊರಟುಹೋದಳು.

ಮನೆಗೆ ಬಂದರೆ ಪಕ್ಕದ ಮಹಾಲಕ್ಷ್ಮಮ್ಮ ಬಾಗಿಲಲ್ಲೇ ನಿಂತಿದ್ದಳು. ‘ಎಲ್ಲೋಗಿದ್ದೆ ಶಾದಮ್ಮ? ಪಾವಗಡದಿಂದ ನಿಮ್ಮ ನೂರೀನ್ ಅತ್ತೆ ಆಗೋರು ಬಂದಿದ್ರು ಕಣಮ್ಮ. ಬಾಗ್ಲು ಬೀಗ ನೋಡಿ ಸಂತೆ ದಾರಿ ಕೇಳ್ಕಂಡು ಓದ್ರು’ ಎಂದು ಒಂದು ಡಬ್ಬಿ ಕೈಗಿಟ್ಟಳು. ಕಡಲೆಕಾಯಿ ಉಂಡೆ. ಬುರ್ಖಾ ಯಾವ ಬಣ್ಣ ಎಂದು ಕೇಳಿದೆ. ಕಂದು ಅಂದಳು. ಕಾಲು ಕುಂಟುತ್ತಿದ್ದರಾ ಅಂದೆ. ಅಯ್ಯೋ ಹೌದು, ಪಾಪ ಅಂದಳು. ಡಬ್ಬಿ ಹಿಡಿದುಕೊಂಡೇ ಮೆಟ್ಟಿಲ ಮೇಲೆ ಕೂತೆ.

ಹೆದರಿದೆ ನೂರೀನ್. ಖುದಾ ಕಸಮ್, ನಿನ್ನ ಅಬ್ಬಾ ಹೋದ ದಿನವೂ ಇಷ್ಟು ಹೆದರಿರಲಿಲ್ಲ. ಮಗಳ ಸಂಬಂಧವನ್ನು ನಾನೇ ನಡುಸಂತೆಯಲ್ಲಿ ಕೂಗಿ ಕಳೆದೆ ಅನ್ನಿಸಿತು. ನಿನಗೆ ಫೋನು ಮಾಡುವ ಧೈರ್ಯವಾಗಲಿಲ್ಲ. ಸಂಜೆಯ ಮಗ್ರಿಬ್ ನಮಾಜು ಮುಗಿಸಿ ಮತೀನ್‌ಗೆ ಮಾಡಿ, ಅವನ ತಾಯಿಯ ಕೈಗೆ ಕೊಡಪ್ಪ ಅಂದೆ. ಕ್ಷಮೆ ಕೇಳಬೇಕೆಂದು ಜೋಡಿಸಿಟ್ಟುಕೊಂಡ ಮಾತೆಲ್ಲ ಅವರ ದನಿ ಕೇಳುತ್ತಲೇ ಹಾರಿಹೋಯಿತು. ‘ಏನ್ರೀ ಸಮ್ದನ್, ಬೀಗಿತ್ತಿ ಅನ್ನೋಕೆ ಮುಂಚೆ ಕಳ್ಳಿ ಅಂದ್ಬುಟ್ರಲ್ಲ’ ಅಂದರು. ಮಿಡಿಗೇಶಿ ಬೆಟ್ಟ ದಾಟುವವರೆಗೆ ಬಸ್ಸಿನಲ್ಲಿ ಸಿಟ್ಟಿನಿಂದ ಅಳುತ್ತಾ ಬಂದರಂತೆ, ಅಲ್ಲಿಂದ ಮುಂದೆ ನಗು ಶುರುವಾಯಿತಂತೆ. ನಾನು ಕೈ ಚಾಚಿದ್ದು ಗುರುತು ಹಿಡಿದು ಸಲಾಂ ಮಾಡಲು ಎಂದುಕೊಂಡರಂತೆ. ಗಂಡಸರ ಎದುರಿಗೆ ಅಂತ ಪಾಪ ಕೈಯನ್ನೂ ಪರದೆಯಲ್ಲಿ ಇಟ್ಟಿದ್ದಾರೆ, ಎಂಥ ಮರ್ಯಾದಸ್ಥ ಹೆಂಗಸು ಅಂತ ಅನ್ನಿಸಿತಂತೆ! ಅದಕ್ಕೇ ಪ್ರೀತಿಯಿಂದ ಗಟ್ಟಿಯಾಗಿ ಹಿಡಿದದ್ದು. ನಾನು ಐದು ಸಾವಿರ ಅಂದುಕೊಂಡೆ ಎಂದರೆ ಅವರು ಮತ್ತೆ ನಕ್ಕರು. ನನಗೆ ನಗು ಬರಲಿಲ್ಲ. ಎಷ್ಟು ವರ್ಷವಾಯಿತು ನೂರೀನ್, ಬೆಲೆ ಕೇಳಲು ಬಿಟ್ಟು ಬೇರೆ ಯಾವುದಕ್ಕೂ ಒಬ್ಬರು ನನ್ನ ಈ ಕೈ ಹಿಡಿದು.

ಆಮೇಲೆ ಅವರು ಉಳಿದದ್ದನ್ನು ಹೇಳಿದರು. ಕಾಲು ಸ್ವಲ್ಪ ಸರಿಯಾಯಿತು, ಮಂಗಳವಾರ ನನ್ನನ್ನು ನೋಡಲು ತಾವೇ ಬರುವುದಾಗಿ ನಿನಗೆ ಹೇಳಿದ್ದರಂತೆ. ಮುಂಚೆಯೇ ತಿಳಿಸಿದರೆ ಸುಮ್ಮನೆ ಬಿರಿಯಾನಿ ಅದು ಇದು ಎಂದು ಒದ್ದಾಡುತ್ತಾರೆ, ಬಾಯಿ ಬಿಡಬೇಡ ಎಂದು ನಿನಗೆ ಆಣೆ ಹಾಕಿದ್ದರಂತೆ. ನಿನ್ನ ‘ಸುಮ್ಮನೆ’ಯ ಬೇರು ಅಲ್ಲಿತ್ತು. ಮತ್ತೆ, ಅವರು ಮೊದಲ ಸಲ ಮಧುಗಿರಿಗೆ ಬಂದು ನಿನ್ನನ್ನು ನೋಡಿದ ದಿನ ನೀನು ಆಡಿದ ಮಾತನ್ನೂ ಹೇಳಿದರು. ನಮ್ಮ ಅಮ್ಮಿ ಸಂತೆಯಲ್ಲಿ ಗಂಡಸರ ಸಮಕ್ಕೆ ನಿಂತು ಕುರಿ ಮಾರಿ ನನ್ನನ್ನು ಓದಿಸಿದವರು, ಅದು ನಿಮಗೆ ಶರಮ್ ಅನ್ನಿಸಿದರೆ ಈಗಲೇ ಹೇಳಿ, ಚಹಾ ಆಮೇಲೆ ಕುಡಿಯೋಣ ಅಂದೆಯಂತೆ. ಮದುವೆಗೆ ಬಂದ ಹುಡುಗಿ ಹೀಗೆ ಮಾತಾಡುವುದೇ? ನಿನಗೆ ಬುದ್ಧಿ ಯಾವಾಗ ಬರುತ್ತದೆ? ಬೈಯಬೇಕೆಂದು ಬರೆಯುತ್ತಿದ್ದೇನೆ, ಕಣ್ಣು ಮಂಜಾಗುತ್ತಿದೆ.

ಆ ‘ಒಬ್ಬ ಹೆಂಗಸು’ ಯಾಕೆ ಎಂದು ಅವರೂ ನಿನ್ನನ್ನು ಕೇಳಿದ್ದರಂತೆ. ವಿಡಿಯೊ ಕೆಳಗೆ ಕೆಲವರು ಹೊಲಸು ಹೊಲಸಾಗಿ ಬರೆಯುತ್ತಾರೆ, ನನಗೆ ಬರೆದರೆ ನಾನು ಅಳಿಸುತ್ತೇನೆ, ಅಮ್ಮಿ ಎಂದು ಹೇಳಿದರೆ ಅಮ್ಮಿಗೆ ಬರೆಯುತ್ತಾರೆ, ಅಮ್ಮಿಗೆ ಕನ್ನಡ ಓದಲು ಬರುತ್ತದೆ ಅಂದೆಯಂತೆ. ತಲೆ ತಗ್ಗಿಸಿದ್ದು ಅದಕ್ಕಾ? ಇರಬಹುದು. ಪೂರ್ತಿ ನಂಬಿದ್ದೇನೆ ಎಂದು ಬರೆದರೆ ನನ್ನ ಜಾಯಮಾನಕ್ಕೆ ಒಗ್ಗುವುದಿಲ್ಲ, ಮುಕ್ಕಾಲು ಪಾಲು ನಂಬಿದ್ದೇನೆ. ಉಳಿದ ಕಾಲು ಪಾಲನ್ನು ನೀನು ಬಂದು ನನ್ನ ಮುಖ ನೋಡಿ ಹೇಳು. ಹುಚ್ಚಿ, ಎದುರಿಗೇ ನಿಂತು ಉಗಿದವರ ಮಧ್ಯೆ ಇಷ್ಟು ವರ್ಷ ನಿಂತವಳಿಗೆ ಫೋನಿನಲ್ಲಿ ಬರೆಯುವವರು ಏನು ಮಾಡಿಯಾರು? ಇನ್ನು ಮೇಲೆ ನನ್ನನ್ನು ಕೇಳದೆ ನನ್ನನ್ನು ಕಾಯಬೇಡ.

ಎಲ್ಲ ಸರಿಹೋಯಿತೆಂದು ಕುಣಿಯಬೇಡ. ಅಹಮದ್ ಷರೀಫ್ ಸಾಹೇಬರ ಅಣ್ಣಂದಿರಿಗೆ ವಿಷಯ ತಿಳಿದಿದೆಯಂತೆ, ಸುಮ್ಮನಿದ್ದಾರಂತೆ. ಸುಮ್ಮನಿರುವವರ ಬಗ್ಗೆ ನನ್ನ ಅಭಿಪ್ರಾಯ ನಿನಗೆ ಗೊತ್ತೇ ಇದೆ. ಮದುವೆಯ ದಿನ ಯಾರಾದರೂ ಅಂದೇ ಅಂತಾರೆ, ತಯಾರಾಗಿರಿ ಎಂದು ಅತಿಯಾ ಅವರೇ ಹೇಳಿದರು. ತಯಾರಾಗಿದ್ದೇನೆ ಅಂದೆ. ಅವರು, ನಾನೂ ಪಕ್ಕದಲ್ಲೇ ನಿಲ್ಲುತ್ತೇನೆ ಅಂದರು. ಹೆಂಗಸು ಒಳ್ಳೆಯವಳು ನೂರೀನ್, ಆ ಮನೆಗೆ ನೀನು ಧೈರ್ಯವಾಗಿ ಹೋಗಬಹುದು.

ಉಂಡೆ ಅರ್ಧ ನಿನಗೆ ಎತ್ತಿಟ್ಟಿದ್ದೇನೆ. ಶನಿವಾರ ಬಾ.

ಇಂತಿ,
ನೀನು ಹೆಸರು ಹೇಳದ ಆ ಹೆಂಗಸು,
ನಿನ್ನ ಅಮ್ಮಿ
ಶಾಹಜಾದಿ

ಮರೆತ ಮಾತು: ಮರೆತದ್ದಲ್ಲ, ಬಿಟ್ಟದ್ದು. ಹಟಕ್ಕೆ ಸಂತೆಗೆ ಹೋದೆ ಎಂದು ಮೇಲೆ ಬರೆದದ್ದು ಸುಳ್ಳು. ಸೋಮವಾರವೇ ಆ ಟಗರೊಂದನ್ನು ಬಿಟ್ಟು ಕುರಿಗಳನ್ನೆಲ್ಲ ಬೈಲಪ್ಪನಿಗೆ ಒಪ್ಪಿಸಿಬಿಟ್ಟಿದ್ದೆ. ನಿನ್ನೆ ಹೋಗಿದ್ದು ಉಳಿದ ಆ ಒಂದು ಟಗರನ್ನು ಮಾರಿ, ಎಲ್ಲರಿಗೂ ಸಲಾಂ ಹೇಳಿ ಬರೋಣವೆಂದು. ಮಂಡಿ ನೋವು, ಇನ್ನು ನಿಲ್ಲಲಾಗದು ಎಂದು ಬೈಲಪ್ಪನಿಗೆ ಹೇಳಿದ್ದೆ. ‘ಮಂಡಿ ನೋವಿಗೆ ಯಾರಾದ್ರೂ ಕುರಿನೆಲ್ಲ ಬುಡ್ತಾರೇನಕ್ಕ’ ಅಂದ, ಆದರೂ ಎಣಿಸಿ ಹೊಡೆದುಕೊಂಡು ಹೋದ. ಈಗ ಕಳ್ಳಂಬೆಳ್ಳಕ್ಕೆ ಹೊರಟಿದ್ದೇನೆ, ಕುರಿ ವಾಪಸು ಕೊಡು ಅಂದರೆ ಅವನು ತಕರಾರು ತೆಗೆಯದೆ ಬಿಡುವುದಿಲ್ಲ. ನೀನು ಬೇಡ ಅಂದದ್ದು ಒಂದು ಸಂತೆಗೆ. ನನ್ನ ಮಗಳಿಗೆ ನನ್ನಿಂದ ನಾಚಿಕೆ ಎಂದುಕೊಂಡು ನಾನು ಸಂತೆಯನ್ನೇ ಬಿಟ್ಟುಬಿಟ್ಟಿದ್ದೆ.